ಹೊಸ ಬೈಕ್: ಯಾವ ಗೇರ್ ಯಾವಾಗ, ನಲವತ್ತು ದಾಟಬಹುದೇ?

ಕೊಲ್ಹಾರದ ಶಿಕ್ಷಕಿ:

ನನ್ನ ಮನೆ ಕೊಲ್ಹಾರದಲ್ಲಿ, ಶಾಲೆ ಕೃಷ್ಣೆಯ ಸೇತುವೆಯ ಆಚೆಗೆ. ಇಷ್ಟು ವರ್ಷ ಗೇರ್ ಇಲ್ಲದ ಸ್ಕೂಟರಿನಲ್ಲಿ ಓಡಾಡಿದೆ. ಶಾಲೆಯ ಒಳದಾರಿಯ ತಗ್ಗುಗಳಿಗೆ ಅದರ ಸಣ್ಣ ಚಕ್ರ ಹೊಂದುವುದಿಲ್ಲವೆಂದು ಈಗ ಸ್ಪ್ಲೆಂಡರ್ ಪ್ಲಸ್ ತೆಗೆದುಕೊಂಡಿದ್ದೇನೆ. ಬೈಕ್ ಮನೆಗೆ ಬಂದಾಗಿನಿಂದ ಉಪದೇಶಕ್ಕೆ ಬರವಿಲ್ಲ. ಮಾರಿದವರು ‘ಮೊದಲ ಸರ್ವಿಸ್ ಆಗುವವರೆಗೆ ನಲವತ್ತು ದಾಟಿಸಬೇಡಿ’ ಎಂದರು. ಮಾವನವರು ‘ಬೇಗ ಟಾಪ್ ಗೇರಿಗೆ ಹಾಕಮ್ಮಾ, ಪೆಟ್ರೋಲ್ ಉಳಿಯುತ್ತದೆ’ ಎನ್ನುತ್ತಾರೆ. ಮೈದುನನ ಪ್ರಕಾರ ಈಗಲೇ ಜೋರಾಗಿ ಓಡಿಸದಿದ್ದರೆ ಬೈಕ್ ಜೀವನಪೂರ್ತಿ ಮಂದವಾಗಿಯೇ ಉಳಿಯುತ್ತದೆ. ಮೂವರ ಮಾತನ್ನೂ ನಡೆಸಿಕೊಡಬೇಕೆಂದರೆ ಮೂರು ಎಂಜಿನ್ ಬೇಕು.

ನನ್ನ ತೊಡಕು ಇದು. ಸೇತುವೆಯ ಮೇಲೆ ಎದುರುಗಾಳಿ ಇದ್ದರೆ ನಾಲ್ಕನೇ ಗೇರಿನಲ್ಲಿ ಮೂವತ್ತೈದಕ್ಕೆ ಬೈಕ್ ಗುಡುಗುಡು ನಡುಗುತ್ತದೆ. ಮೂರಕ್ಕೆ ಇಳಿಸಿದರೆ ನಡುಕ ನಿಲ್ಲುತ್ತದೆ, ಆದರೆ ಸದ್ದು ಏರುತ್ತದೆ. ಹೊಸ ಎಂಜಿನ್ನಿಗೆ ಯಾವುದು ಕೆಟ್ಟದ್ದು? ಇನ್ನೊಂದು, ಶನಿವಾರ ವಿಜಯಪುರದ ತವರಿಗೆ ಮೊಸರಿನ ಗಡಿಗೆ ಒಯ್ಯುತ್ತೇನೆ. ಗೇರ್ ಬದಲಿಸಿದಾಗಲೆಲ್ಲ ಬೈಕ್ ಜಗ್ಗಿ ಮೊಸರು ಚೆಲ್ಲುತ್ತದೆ. ಕೊಲ್ಹಾರದ ಮೊಸರು ಸುಲಭಕ್ಕೆ ಚೆಲ್ಲುವಂಥದ್ದಲ್ಲ. ಅದೇ ಚೆಲ್ಲುತ್ತಿದೆ ಎಂದರೆ ನೀವೇ ಊಹಿಸಿ.

ಹನ್ನೆರಡರ ಪಾನಾ, ಬಾಗಲಕೋಟೆ:

ಟೀಚರ್, ಕೆಟ್ಟದ್ದು ನಡುಕ. ಸದ್ದಲ್ಲ.

ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ದೊಡ್ಡ ಗೇರಿನಲ್ಲಿ ರೇಸ್ ಹೆಚ್ಚಿಸಿದರೆ, ಪ್ರತಿಯೊಂದು ಸ್ಫೋಟವೂ ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್‌ಗಳ ಮೇಲೆ ಸುತ್ತಿಗೆ ಏಟಿನಂತೆ ಬೀಳುತ್ತದೆ. ನಿಮಗೆ ಕೇಳಿಸುವ ಗುಡುಗುಡು ಅದೇ. ಮೂರನೇ ಗೇರಿನಲ್ಲಿ ಅದೇ ಕೆಲಸ ಸಣ್ಣ ಸಣ್ಣ ಏಟುಗಳಲ್ಲಿ ಮುಗಿಯುತ್ತದೆ. ಮಾವನವರ ಮಾತು ಸಮತಟ್ಟಾದ ರಸ್ತೆಗೆ, ಗಾಳಿ ಇಲ್ಲದ ದಿನಕ್ಕೆ ಸರಿ. ನಡುಗುವ ಎಂಜಿನ್ನಿಗೆ ಇನ್ನಷ್ಟು ರೇಸ್ ಕೊಟ್ಟರೆ ಅವರು ಉಳಿಸಹೊರಟ ಪೆಟ್ರೋಲೂ ಉಳಿಯುವುದಿಲ್ಲ.

ನಲವತ್ತರ ಗೆರೆಯ ಹಿಂದೆ ಅರ್ಧ ಕಾರಣವಿದೆ. ಹೊಸ ಸಿಲಿಂಡರಿನ ಒಳಗೋಡೆ ಪೂರ್ತಿ ನುಣುಪಾಗಿರುವುದಿಲ್ಲ. ಹೋನಿಂಗ್, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವಾಗ, ಬೇಕೆಂದೇ ಒಂದರ ಮೇಲೊಂದು ಹಾಯುವ ಸಣ್ಣ ಗೆರೆಗಳನ್ನು ಬಿಟ್ಟಿರುತ್ತಾರೆ. ಆಯಿಲ್ ಅವುಗಳಲ್ಲಿ ನಿಲ್ಲುತ್ತದೆ, ಪಿಸ್ಟನ್ನಿನ ಸುತ್ತ ಬಳೆಯಂತಿರುವ ರಿಂಗ್ ಅವುಗಳ ಏಣುಗಳನ್ನು ಸವೆಸಿ ಗೋಡೆಗೆ ಕೂಡಿಕೊಳ್ಳುತ್ತದೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿಯುವ ಅನಿಲದ ಒತ್ತಡ. ಆದ್ದರಿಂದ ಎಂಜಿನ್ನಿಗೆ ಸ್ವಲ್ಪ ಭಾರ ಬೀಳಲೇಬೇಕು, ಬಿಡಲೂ ಬೇಕು. ಇಡೀ ದಾರಿ ಒಂದೇ ನಲವತ್ತರಲ್ಲಿ ಹೋಗುವವರಿಗಿಂತ ಮೂವತ್ತು, ಐವತ್ತು, ಮತ್ತೆ ಇಪ್ಪತ್ತು ಎಂದು ಏರಿಳಿಯುವವರ ಬೈಕ್ ಚೆನ್ನಾಗಿ ಪಳಗುತ್ತದೆ. ಸೊಲ್ಲಾಪುರ ರಸ್ತೆಯಂಥ ನೇರ ಹೆದ್ದಾರಿಗಿಂತ ನಿಮ್ಮ ತಗ್ಗಿನ ದಾರಿಯೇ ಈ ಕೆಲಸಕ್ಕೆ ಮೇಲು. ಕೈಪಿಡಿಯ ಮಿತಿ ಮೀರಬೇಡಿ, ಪೂರ್ತಿ ರೇಸ್ ತಿರುವಬೇಡಿ, ಬೆಳಿಗ್ಗೆ ನಿಂತಲ್ಲೇ ಬಹಳ ಹೊತ್ತು ಎಂಜಿನ್ ಓಡಿಸಿ ‘ಕಾಯಿಸಬೇಡಿ’. ಚಾಲೂ ಮಾಡಿ, ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ.

ಗೇರಿಗೆ ಮೀಟರ್ ನೋಡಬೇಡಿ. ಅಂದಾಜು ಬೇಕೇ ಬೇಕೆಂದರೆ ಹದಿನೈದರೊಳಗೆ ಎರಡು, ಇಪ್ಪತ್ತೈದರ ಸುಮಾರಿಗೆ ಮೂರು, ನಲವತ್ತರ ಹತ್ತಿರ ನಾಲ್ಕು. ಹಿಂದೆ ಒಬ್ಬರು ಕುಳಿತರೆ, ಎದುರುಗಾಳಿ ಇದ್ದರೆ ಎಲ್ಲವೂ ಸ್ವಲ್ಪ ತಡವಾಗಿ. ರೇಸ್ ಕೊಟ್ಟರೂ ಬೈಕ್ ಏಳದಿದ್ದರೆ ಕೆಳಗಿನ ಗೇರ್. ಸದ್ದು ಏರಿದರೂ ವೇಗ ಏರದಿದ್ದರೆ ಮೇಲಿನದು. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಮುಂದೆ ಹೋಗುತ್ತಿದ್ದರೆ, ದಾಟಲು ಬಲಕ್ಕೆ ಸರಿಯುವ ಮೊದಲೇ ಮೂರಕ್ಕೆ ಇಳಿಸಿ. ಅದರ ಪಕ್ಕಕ್ಕೆ ಹೋದ ಮೇಲೆ ಗೇರ್ ಹುಡುಕುವುದು ಬೇಡ.

ಮೊಸರಿನ ವಿಷಯ. ನೀವು ರೇಸ್ ಪೂರ್ತಿ ಮುಚ್ಚದೆ ಕ್ಲಚ್ ಹಿಡಿಯುತ್ತಿರಬಹುದು, ಇಲ್ಲವೇ ಗೇರ್ ಬಿದ್ದೊಡನೆ ಕ್ಲಚ್ಚನ್ನು ಥಟ್ಟನೆ ಬಿಡುತ್ತಿರಬಹುದು. ಕ್ಲಚ್ಚಿನ ಕೊನೆಯ ಅರ್ಧವನ್ನು ಮೆಲ್ಲಗೆ ಬಿಡಿ. ಗೇರ್ ಇಳಿಸುವಾಗ ಕ್ಲಚ್ ಬಿಡುವ ಮುನ್ನ ರೇಸ್ ಕೂದಲೆಳೆಯಷ್ಟು ತೆರೆಯಿರಿ. ಗಡಿಗೆಯನ್ನು ಹ್ಯಾಂಡಲಿಗೆ ತೂಗುಹಾಕಿದ್ದರೆ ಮಾತ್ರ ನನ್ನ ಸಲಹೆಯಿಂದ ಉಪಯೋಗವಿಲ್ಲ.

ಟಿಳಕವಾಡಿ ಸವಾರ, ಬೆಳಗಾವಿ:

ಕಾಕಾ, ನಿಮ್ಮ ಲೆಕ್ಕದಲ್ಲೇ ಭಾರ ಬೀಳಬೇಕು ಎಂದಾದರೆ ಮೈದುನನ ಮಾತೂ ಸರಿಯಲ್ಲವೇ? ನಾನು ನನ್ನ ಬೈಕನ್ನು ಮೊದಲ ವಾರವೇ ಚೋರ್ಲಾ ಘಾಟಿಗೆ ಒಯ್ದಿದ್ದೆ. ಇಂದಿಗೂ ಹೊಗೆ ಇಲ್ಲ.

ಅಕ್ಕಾ, ನಿಮ್ಮ ಬೈಕಿನಲ್ಲಿ ಒಂದರಿಂದ ನಾಲ್ಕರವರೆಗೆ ಎಲ್ಲ ಗೇರುಗಳೂ ಮುಂದಿನ ಪೆಡಲ್ ಒತ್ತಿದರೆ ಬೀಳುತ್ತವೆ, ಇಳಿಸಲು ಹಿಮ್ಮಡಿ. ನನ್ನ ಬುಲೆಟ್‌ನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಯಾರದಾದರೂ ಬೇರೆ ಬೈಕ್ ಓಡಿಸುವ ಮೊದಲು ಕೇಳಿಕೊಳ್ಳಿ. ಏರಿಸಲು ಹೋಗಿ ಇಳಿಸಿದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ.

ಹನ್ನೆರಡರ ಪಾನಾ, ಬಾಗಲಕೋಟೆ:

ತಮ್ಮಾ, ಘಾಟಿ ಹತ್ತಿಸಿದ್ದಕ್ಕೆ ತಕರಾರಿಲ್ಲ, ಸಣ್ಣ ಗೇರಿನಲ್ಲಿ ಹತ್ತಿಸಿದ್ದರೆ. ಆದರೆ ಭಾರ ಬೇರೆ, ಪೂರ್ತಿ ರೇಸ್ ಬೇರೆ. ಹೊಸ ಭಾಗಗಳು ಉಜ್ಜಿಕೊಳ್ಳುವಾಗ ಶಾಖ ಹೆಚ್ಚು, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ. ಹೊಸ ಟೈರ್ ಕೂಡ ಜಾರುತ್ತದೆ, ಬ್ರೇಕ್ ಶೂ ಇನ್ನೂ ಡ್ರಮ್ಮಿಗೆ ಪೂರ್ತಿ ಕೂತಿರುವುದಿಲ್ಲ. ಘಾಟಿ ಹತ್ತುವುದಕ್ಕಿಂತ ಇಳಿಯುವಾಗ ಅದು ಗೊತ್ತಾಗುತ್ತದೆ.

ಕೊಲ್ಹಾರದ ಶಿಕ್ಷಕಿ:

ಇಂದು ಸೇತುವೆಯನ್ನು ಮೂರರಲ್ಲೇ ದಾಟಿದೆ, ನಡುಕವಿಲ್ಲ. ಗಡಿಗೆ ಹ್ಯಾಂಡಲಿಗೇ ತೂಗುತ್ತಿತ್ತು, ಇನ್ನು ಮುಂದೆ ಹಿಂದಿನ ಸೀಟಿಗೆ ಕಟ್ಟುತ್ತೇನೆ. ಕೊನೆಯ ಪ್ರಶ್ನೆ: ಮೊದಲ ಸರ್ವಿಸ್ಸಿಗೆ ಇನ್ನೂ ದಿನವಿದೆ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ, ಕಡಿಮೆ ಕಂಡರೆ ಅದನ್ನೇ ಹಾಕಬಹುದೇ?

ಹನ್ನೆರಡರ ಪಾನಾ, ಬಾಗಲಕೋಟೆ:

ಬೇಡ. ಕಾರಿನಲ್ಲಿ ಎಂಜಿನ್ ಆಯಿಲ್ ಕ್ಲಚ್ಚನ್ನು ಮುಟ್ಟುವುದಿಲ್ಲ. ನಿಮ್ಮ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶ ಬೆರೆಸಿರಬಹುದು, ಅದರಿಂದ ಕ್ಲಚ್ ಜಾರುತ್ತದೆ. ಡಬ್ಬಿಯ ಮೇಲೆ 10ಡಬ್ಲ್ಯೂ-30 (ಆಯಿಲ್ ಎಷ್ಟು ಮಂದ ಎಂಬುದರ ದರ್ಜೆ) ಮತ್ತು ಜಾಸೋ ಎಂಎ (ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು) ಎಂದು ಇರುವುದನ್ನು ನೋಡಿ ತೆಗೆದುಕೊಳ್ಳಿ. ಮೊದಲ ಸರ್ವಿಸ್ಸನ್ನು ಮಾತ್ರ ಮುಂದೂಡಬೇಡಿ. ಸವೆದ ಲೋಹದ ಪುಡಿ ಈ ಮೊದಲ ಆಯಿಲ್‌ನಲ್ಲಿಯೇ ಹೆಚ್ಚು ಇರುತ್ತದೆ. ಅದೇ ದಿನ ಕ್ಲಚ್ ಕೇಬಲ್, ಚೈನ್ ಎರಡನ್ನೂ ನೋಡಿಸಿ, ಹೊಸತರಲ್ಲಿ ಎರಡೂ ಸಡಿಲವಾಗುತ್ತವೆ.