ಕ್ಲಚ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ಜಗ್ಗುತ್ತೆ, ನ್ಯೂಟ್ರಲ್ ಬೀಳ್ತಿಲ್ಲ

ಪ್ರಶ್ನೆ:
100 ಸಿಸಿ, ನಾಲ್ಕು ಗೇರಿನ ಬೈಕು. ಬೆಳಿಗ್ಗೆ ಪರವಾಗಿಲ್ಲ. ಟ್ರಾಫಿಕ್ಕಲ್ಲಿ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಕ್ಲಚ್ ಲಿವರ್ ಸಡಿಲ ಆಗುತ್ತೆ, ಪೂರ್ತಿ ಹಿಡಿದು ಫಸ್ಟ್ ಗೇರ್ ಹಾಕಿದರೂ ಗಾಡಿ ಮುಂದಕ್ಕೆ ಜಗ್ಗುತ್ತೆ. ಸಿಗ್ನಲ್ಲಲ್ಲಿ ನ್ಯೂಟ್ರಲ್ ಸಿಗಲ್ಲ, ಎಂಜಿನ್ ಆಫ್ ಮಾಡಿದರೆ ತಕ್ಷಣ ಬೀಳುತ್ತೆ. ಪಿಕಪ್ ಚೆನ್ನಾಗಿದೆ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಸೆಟ್ ಬದಲಾಯಿಸಬೇಕು ಅಂತಾರೆ. ಹಾಕಿಸಲಾ?

ಉತ್ತರ:
ಈಗಲೇ ಬೇಡ ಸರ್. ಪ್ಲೇಟ್ ಸವೆದರೆ ಆಗೋದು ಇದರ ಉಲ್ಟಾ. ಸವೆದಷ್ಟೂ ಲಿವರಿನ ಫ್ರೀ ಪ್ಲೇ (ಕೇಬಲ್ ಬಿಗಿಯಾಗೋ ಮುಂಚೆ ಲಿವರ್ ಸುಮ್ಮನೆ ಚಲಿಸುವ ದೂರ) ಕಡಿಮೆಯಾಗುತ್ತೆ, ಕ್ಲಚ್ ಸ್ಲಿಪ್ ಆಗುತ್ತೆ, ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕಿರುಚುತ್ತೆ, ಗಾಡಿ ಓಡಲ್ಲ. ನಿಮ್ಮ ಪಿಕಪ್ ಸರಿಯಿದೆ, ಫ್ರೀ ಪ್ಲೇ ಹೆಚ್ಚುತ್ತಿದೆ. ಎಂಜಿನ್ ಆಫ್ ಆದಾಗ ನ್ಯೂಟ್ರಲ್ ಬೀಳೋದರಿಂದ ಗೇರ್ ಶಿಫ್ಟರ್ ಮೇಲೂ ಅನುಮಾನ ಬೇಡ. ಕ್ಲಚ್ ಪೂರ್ತಿ ಬಿಡ್ತಿಲ್ಲ, ಅಷ್ಟೇ.

ಟ್ರಾಫಿಕ್ಕಲ್ಲೇ ಯಾಕೆ ಅಂದರೆ, ಹಾಫ್ ಕ್ಲಚ್ಚಲ್ಲಿ ತೆವಳುವಾಗ ಪ್ಲೇಟುಗಳು ಕಾದು ಹಿಗ್ಗುತ್ತವೆ, ಪ್ಲೇಟುಗಳನ್ನು ಒತ್ತಿ ಹಿಡಿಯುವ ಭಾಗಕ್ಕೂ ಅದನ್ನು ತಳ್ಳಿ ಕ್ಲಚ್ ಬಿಡಿಸುವ ಲಿಫ್ಟರ್ ರಾಡಿಗೂ ನಡುವಿನ ಅಂತರ ಹೆಚ್ಚುತ್ತೆ. ಮೊದಲೇ ಕೇಬಲ್ ಸಡಿಲ ಇದ್ದರೆ ಲಿವರ್ ಗ್ರಿಪ್ಪಿಗೆ ತಾಗಿದರೂ ಪ್ಲೇಟ್ ಬೇರೆಯಾಗೋಷ್ಟು ಎಳೆತ ಉಳಿಯಲ್ಲ.

ಎಂಜಿನ್ ತಣ್ಣಗಿದ್ದಾಗ ಲಿವರ್ ತುದಿಯಲ್ಲಿ ಫ್ರೀ ಪ್ಲೇ ಅಳೆಯಿರಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು; ನಿಮ್ಮ ಮಾಡೆಲಿನ ಲೆಕ್ಕ ಮ್ಯಾನುಯಲ್‌ನಲ್ಲಿದೆ. ಬಿಸಿ ಇದ್ದಾಗ ಬಿಗಿ ಮಾಡಿದರೆ ತಣ್ಣಗಾದ ಮೇಲೆ ಫ್ರೀ ಪ್ಲೇ ಏನೂ ಉಳಿಯಲ್ಲ, ಪ್ಲೇಟ್ ಸ್ಲಿಪ್ ಆಗಿ ಸುಟ್ಟುಹೋಗುತ್ತೆ. ಆಗ ಮೆಕ್ಯಾನಿಕ್ ಹೇಳಿದ್ದು ನಿಜವಾಗುತ್ತೆ!

ಆಮೇಲೆ ಒಬ್ಬರು ಲಿವರ್ ಹಿಡಿಯಲಿ, ನೀವು ಎಂಜಿನ್ ಹತ್ತಿರ ಕೇಬಲ್ ಎಳೆಯುವ ಕ್ಲಚ್ ಆರ್ಮ್ ನೋಡಿ. ಲಿವರ್ ಎಷ್ಟು ಬಂದರೂ ಆರ್ಮ್ ತಡವಾಗಿ, ಸ್ವಲ್ಪವೇ ಅಲುಗಿದರೆ ದೋಷ ಹೊರಗಡೆಯೇ ಇದೆ: ಲಿವರ್ ಬೋಲ್ಟಿನ ತೂತು ಸವೆದು ಮೊಟ್ಟೆಯಾಕಾರ ಆಗಿರಬಹುದು, ಕೇಬಲ್ ಎಳೆ ಬಿಟ್ಟಿರಬಹುದು, ಹೊರಕವಚದ ತುದಿಯ ಕ್ಯಾಪ್ ಕುಸಿದಿರಬಹುದು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಫ್ರೀ ಪ್ಲೇ ಬದಲಾದರೆ ಕೇಬಲ್ ಹಾದುಹೋಗಿರೋ ದಾರಿ ತಪ್ಪಿದೆ.

ಪ್ರಶ್ನೆ ಕೇಳಿದವರು:
ಅಳೆದೆ, 30 ಮಿ.ಮೀ. ಹತ್ತಿರ ಇದೆ. ಲಿವರ್ ಮೇಲೆ ಕೆಳಗೆ ಅಲ್ಲಾಡುತ್ತೆ. ಮೇಲಿನ ಅಡ್ಜಸ್ಟರ್ ಆಗಲೇ ಪೂರ್ತಿ ಹೊರಗೆ ಬಂದಿದೆ.

ಉತ್ತರ:
ಸಿಕ್ಕಿತಲ್ಲ. ಲಿವರ್, ಬೋಲ್ಟ್, ಕೇಬಲ್ ಮೂರನ್ನೂ ಬದಲಾಯಿಸಿ, ಜೆ.ಸಿ. ರಸ್ತೆಯಲ್ಲಿ ತಗೊಂಡರೂ ಹಳೆಯದನ್ನು ಒಯ್ದು ಉದ್ದ, ತುದಿಯ ಗುಂಡು ಹೋಲಿಸಿ ನೋಡಿ. ಹೊಸದು ಹಾಕುವಾಗ ಮೇಲಿನ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಒಂದೆರಡು ಸುತ್ತು ಹೊರಗೆ ತನ್ನಿ. ದೊಡ್ಡ ಹೊಂದಾಣಿಕೆ ಕೆಳಗೆ ಎಂಜಿನ್ ಹತ್ತಿರ ಮಾಡಿ ಲಾಕ್ ನಟ್ ಬಿಗಿಯಿರಿ, ಕೊನೆಯ ಒಂದೆರಡು ಮಿ.ಮೀ. ಮಾತ್ರ ಮೇಲೆ. ಯಾರಾದರೂ ಆರ್ಮ್ ಬಿಚ್ಚಿ ಒಂದು ಹಲ್ಲು ಆಚೀಚೆ ಕೂರಿಸಿದ್ದರೆ ಕೇಬಲ್ ಹೊಸದಾದರೂ ಎಳೆತ ಸಾಲಲ್ಲ. ಅರ್ಧ ಎಳೆದಾಗ ಆರ್ಮ್ ಕೇಬಲ್ಲಿಗೆ ಹೆಚ್ಚುಕಡಿಮೆ ಲಂಬವಾಗಿರಬೇಕು.

ಇನ್ನೊಬ್ಬರು:
ಆಯಿಲ್ ಯಾವುದು ಹಾಕಿದ್ದಾರೆ ಅಂತಲೂ ಕೇಳಿ. 10ಡಬ್ಲ್ಯು-30 ಬೇಕಾದ ಗಾಡಿಗೆ 20ಡಬ್ಲ್ಯು-50 ಸುರಿಯುವ ಅಂಗಡಿಗಳಿವೆ. ಗಟ್ಟಿ ಎಣ್ಣೆ ಪ್ಲೇಟುಗಳನ್ನು ಅಂಟಿಸಿಟ್ಟ ಹಾಗೆ ಎಳೆಯುತ್ತೆ, ಆದರೆ ಅದು ಜೋರು ಬೆಳಿಗ್ಗೆ ತಣ್ಣಗಿದ್ದಾಗ. ನಿಮ್ಮದು ಬಿಸಿಯಲ್ಲಿ ಬರೋದರಿಂದ ಮುಖ್ಯ ಕಾರಣ ಅದಲ್ಲ. ಬಾಟಲಿ ಮೇಲೆ ಜಾಸೊ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಇರಲಿ, ಎಂಬಿ ಸ್ಕೂಟರಿಗೆ.

ಕೇಬಲ್ ಹಾಕಿದ ಮೇಲೆ ಗಾಡಿ ಬಿಸಿ ಮಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಲ್ಲಿ ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಧಾನ ತಿರುಗೋದು ಸಹಜ, ಎಣ್ಣೆಯ ಎಳೆತ ಅದು. ಬ್ರೇಕಿಗೆ ಚಕ್ರ ನಿಂತು ಎಂಜಿನ್ ಹಾಗೇ ಓಡ್ತಿದ್ದರೆ ಮುಗೀತು. ಎಂಜಿನ್ ಆಫ್ ಆದರೆ ಮಾತ್ರ ಕವರ್ ಬಿಚ್ಚಿಸಿ: ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಸುತ್ತಲೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ, ಬಾಗಿದ್ದು ಮ್ಯಾನುಯಲ್ ಮಿತಿ ಮೀರಿದ್ದರೆ ಬದಲಾಯಿಸಿ. ಪ್ಲೇಟುಗಳು ಕೂರುವ ಬಾಸ್ಕೆಟ್ಟಿನ ಬೆರಳುಗಳಲ್ಲಿ ಉಗುರಿಗೆ ಸಿಗುವಂಥ ಹಳ್ಳ ಬಿದ್ದಿದ್ದರೆ ಪ್ಲೇಟ್ ಅಲ್ಲೇ ಸಿಕ್ಕಿಕೊಳ್ಳುತ್ತೆ, ಹೊಸ ಸೆಟ್ ಹಾಕಿದರೂ ಅದೇ ಕತೆ. ಸ್ಪ್ರಿಂಗ್ ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಲು ಹೇಳಿ, ಹೊಸ ಫ್ರಿಕ್ಷನ್ ಪ್ಲೇಟ್ ಆದರೆ ಹಿಂದಿನ ರಾತ್ರಿಯೇ ಎಂಜಿನ್ ಆಯಿಲಲ್ಲಿ ನೆನೆಸಿಡಿ, ಗ್ಯಾಸ್ಕೆಟ್ ಹಳೆಯದನ್ನೇ ಹಾಕೋದು ಬೇಡ.