ಶಾಲೆಯ ಗ್ರಂಥಾಲಯಕ್ಕೆ ಕಥೆ ಪುಸ್ತಕ ಎಷ್ಟು, ಮಾಹಿತಿ ಪುಸ್ತಕ ಎಷ್ಟು? ಅನುಭವವಿದ್ದವರು ತಿಳಿಸಿ

ಕೇಳಿದವರು: ತೀರ್ಥಹಳ್ಳಿ ಕಡೆಯ ಶಿಕ್ಷಕಿ

ನಮ್ಮದು ಒಂದರಿಂದ ಏಳನೆಯ ತರಗತಿಯವರೆಗಿನ ಸರ್ಕಾರಿ ಶಾಲೆ, ಮಕ್ಕಳು 74. ಹಳೆಯ ವಿದ್ಯಾರ್ಥಿಯೊಬ್ಬರು ಪುಸ್ತಕಕ್ಕೆಂದೇ 40,000 ರೂಪಾಯಿ ಕೊಟ್ಟಿದ್ದಾರೆ. ಕಥೆಗೆ ಎಷ್ಟು, ವಿಜ್ಞಾನ, ಚರಿತ್ರೆ, ಜೀವನಚರಿತ್ರೆಗಳಿಗೆ ಎಷ್ಟು ಎಂದು ತೀರ್ಮಾನವಾಗದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಎರಡು ಸಲ ಮುಂದಕ್ಕೆ ಹೋಗಿದೆ. ಮಳೆಗಾಲದಲ್ಲಿ ಕೋಣೆಯ ಗೋಡೆ ತೇವ ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಹಾಸನದ ನಿವೃತ್ತ ಮುಖ್ಯೋಪಾಧ್ಯಾಯರು

ನಾನು ಮಾಡಿದ್ದನ್ನು ನೀವು ಮಾಡಬಾರದೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. 2018-19ರಲ್ಲಿ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಿಂದ ಗ್ರಂಥಾಲಯಕ್ಕೆ ಬಂದ 13,000 ರೂಪಾಯಿಯಲ್ಲಿ 7,900ನ್ನು ಬಣ್ಣದ ಚಿತ್ರಗಳ ಏಳು ಸಂಪುಟದ ವಿಶ್ವಕೋಶಕ್ಕೂ 2,600ನ್ನು ಸಾಮಾನ್ಯ ಜ್ಞಾನದ ಪುಸ್ತಕಗಳಿಗೂ ಸುರಿದೆ; ಕಥೆಗೆ ಉಳಿದದ್ದು 2,500. ಮರುವರ್ಷವೇ ಜಮ್ಮು ಮತ್ತು ಕಾಶ್ಮೀರ ರಾಜ್ಯ ಹೋಗಿ ಎರಡು ಕೇಂದ್ರಾಡಳಿತ ಪ್ರದೇಶಗಳಾದವು, 2021ರಲ್ಲಿ ವಿಜಯನಗರ ನಮ್ಮ 31ನೆಯ ಜಿಲ್ಲೆಯಾಯಿತು, ನಾನು ಪೆನ್ಸಿಲ್ ಹಿಡಿದು ಒಂದೊಂದೇ ಪ್ರತಿಯಲ್ಲಿ 30 ಎಂಬುದನ್ನು ಹೊಡೆದು 31 ಎಂದು ಬರೆಯುತ್ತಾ ಕುಳಿತೆ. ವಿಶ್ವಕೋಶ ಹಾಳಾಗದಿರಲೆಂದು 9,800 ರೂಪಾಯಿ ಕೊಟ್ಟು ಗಾಜಿನ ಬಾಗಿಲಿನ ಬೀರು ತರಿಸಿದ್ದೆ, ಅಂದರೆ ಬೀರು ಒಳಗಿನ ಪುಸ್ತಕಕ್ಕಿಂತ 1,900 ದುಬಾರಿ. ಬೀರು ಮಾತ್ರ ಒಳ್ಳೆಯದು, ಒಂದೇ ಒಂದು ಹುಳ ಒಳಗೆ ಹೋಗಿಲ್ಲ. ಮುಕ್ಕಾಲು ಪಾಲು ಹಣವನ್ನು ಕಥೆಗೇ ಹಾಕಿ.

ಶಿರಸಿ ಕಡೆಯ ಶಿಕ್ಷಕ

ಹುಳ ಮಾತ್ರವೇ, ಮಕ್ಕಳೂ ಒಳಗೆ ಕೈ ಹಾಕಿಲ್ಲವೆಂದು ಕಾಣುತ್ತದೆ ಸರ್. ಸಾಮಾನ್ಯ ಜ್ಞಾನದ ಪುಸ್ತಕ ಕೊಂಡು ಕೈ ಸುಟ್ಟುಕೊಂಡವರು ಮಾಹಿತಿ ಪುಸ್ತಕವೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಶಾಲೆಯಲ್ಲಿ ಹೆಚ್ಚು ಸಲ ಮನೆಗೆ ಹೋಗಿರುವುದು 48 ಪುಟದ ಹಾವುಗಳ ಪುಸ್ತಕ; ಬೆಲೆ 60 ರೂಪಾಯಿ, ಬೇಡಿಕೆ ನೋಡಿ ಮೂರು ಪ್ರತಿ ತರಿಸಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇರುವ ಎದುರುಬದುರು ಪುಟಗಳು ಮೂರೂ ಪ್ರತಿಗಳಲ್ಲಿ ಬೆರಳಿನ ಎಣ್ಣೆಗೆ ಕಪ್ಪಾಗಿವೆ. ಐದನೆಯ ತರಗತಿಯ ಹುಡುಗಿಯೊಬ್ಬಳು ನಾಗರಪಂಚಮಿಯ ದಿನ ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂದು ಮನೆಯಲ್ಲಿ ಓದಿ ಹೇಳಿದ್ದಳು. ‘ಪುಸ್ತಕ ಬರೆದವನು ನಮ್ಮ ಹುತ್ತ ನೋಡಿದ್ದಾನೆಯೇ, ನಿಮ್ಮ ಮೇಷ್ಟ್ರನ್ನು ಕೇಳು’ ಎಂದು ಅವಳ ಅಜ್ಜಿ ಹೇಳಿ ಕಳುಹಿಸಿದರು.

ತೇವದ ವಿಷಯ: ಪಿನ್ ಹೊಡೆದ ತೆಳು ಪುಸ್ತಕಗಳ ಪಿನ್ನುಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ನಡುಪುಟವನ್ನೇ ತಿನ್ನುತ್ತವೆ. ನಾನು ನಾಲ್ಕು ಸಂಜೆ ಕುಳಿತು 86 ಪುಸ್ತಕಗಳ ಪಿನ್ ಕಿತ್ತು ದಪ್ಪ ದಾರದಲ್ಲಿ ಹೊಲಿದೆ. ದಾರಕ್ಕೂ ಸೂಜಿಗೂ 70 ರೂಪಾಯಿಯಾಯಿತು, ಬೆನ್ನುನೋವು ಪ್ರತ್ಯೇಕ.

ಬೆಂಗಳೂರಿನ ಖಾಸಗಿ ಶಾಲೆಯೊಂದರ ಗ್ರಂಥಪಾಲಕಿ

ಕಥೆ ಯಾವುದು, ಕಥೆಯಲ್ಲದ್ದು ಯಾವುದು ಎಂಬುದನ್ನೇ ನಿರ್ಧರಿಸದೆ ಪಾಲು ಹಂಚುತ್ತಿದ್ದೀರಿ. ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಜಾನಪದ ಕಥೆಗಳು ಸಾಹಿತ್ಯವಿರುವ 800ರಲ್ಲಿಲ್ಲ, ಸಮಾಜ ವಿಜ್ಞಾನಗಳ 300ರೊಳಗೆ 398.2ರಲ್ಲಿವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನಿಯಮದಂತೆ 64 ಜಾನಪದ ಕಥಾ ಪುಸ್ತಕಗಳನ್ನು ಆ ಕಡೆಯ ಕಪಾಟಿಗೆ ಸಾಗಿಸಿದೆ. ಶಾಲೆಯ ಒಂದು ಟರ್ಮ್ ಪೂರ್ತಿ ಅವುಗಳಲ್ಲಿ ಒಂಬತ್ತು ಮಾತ್ರ ಎರವಲು ಹೋದವು, ಏಕೆಂದರೆ ಮಕ್ಕಳು ಕಥೆಯ ಕಪಾಟಿನಲ್ಲೇ ಹುಡುಕಿ ಸುಮ್ಮನೆ ಹಿಂದಿರುಗುತ್ತಿದ್ದರು. ಕೊನೆಗೆ ಬೆನ್ನಿಗೆ 398.2 ಎಂದೇ ಉಳಿಸಿ, ಹಸಿರು ಚೀಟಿ ಅಂಟಿಸಿ, ಮತ್ತೆ ಕಥೆಯ ಕಡೆಗೇ ತಂದೆ. ಮುಕ್ಕಾಲು ಪಾಲು ಎನ್ನುವವರು ಈ 64ನ್ನು ಯಾವ ಪಾಲಿಗೆ ಸೇರಿಸುತ್ತಾರೆ? ಇನ್ನು ಬೀರುವಿನ ಮಾತು: ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬುದು.

ಹಾಸನದ ನಿವೃತ್ತ ಮುಖ್ಯೋಪಾಧ್ಯಾಯರು

ಸೂತ್ರ ಬರೆಯುವುದು ಸುಲಭ ಮೇಡಂ. ಹಾಗೆ ಬರೆದವರು ಪುಸ್ತಕ ಎರವಲು ಕೊಟ್ಟು ಲೆಕ್ಕ ಒಪ್ಪಿಸಿದವರಲ್ಲ.

ಬೆಂಗಳೂರಿನ ಖಾಸಗಿ ಶಾಲೆಯೊಂದರ ಗ್ರಂಥಪಾಲಕಿ

ಅವರು 1924ರಿಂದ ಇಪ್ಪತ್ತು ವರ್ಷ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದರು, ಅದಕ್ಕೆ ಮೊದಲು ನಿಮ್ಮಂತೆ ಮೇಷ್ಟ್ರು. ತಿಳಿದು ಬರೆಯಿರಿ.

ರಾಯಚೂರು ಕಡೆಯ ಶಿಕ್ಷಕಿ

ಇಲ್ಲಿ 398ರ ಜಗಳ ನಡೆಯುತ್ತಿರುವಾಗ ನಮ್ಮ ಮೂರನೆಯ ತರಗತಿಯ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಇಲ್ಲವೇ ಲಂಬಾಣಿ ಆಡುತ್ತಾರೆ. ಅವರಿಗೆ ಎರಡು ಪಾಲೂ ಒಂದೇ. ನಾನು ಎರಡು ವರ್ಷದಲ್ಲಿ 8,240 ರೂಪಾಯಿಗೆ 112 ಚಿತ್ರಪುಸ್ತಕ ಕೊಂಡೆ. ಪುಟಕ್ಕೊಂದು ಸಾಲಿನವು ಹೆಚ್ಚು, ಅಕ್ಷರವೇ ಇಲ್ಲದವು ಹನ್ನೆರಡು. ಬೀರುವಿಲ್ಲ, ಕಿಟಕಿಯಿಂದ ಕಿಟಕಿಗೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ತೂಗುಹಾಕಿದ್ದೇನೆ. 19 ಕಳೆದವು, 31 ಹರಿದವು, 62 ಸರಿಯಾಗಿವೆ. ಕಳೆದದ್ದೊಂದನ್ನು ನಾನೇ ಒಂದು ಮನೆಯಲ್ಲಿ ಕಂಡೆ: ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಳದ ಹಾಗೆ ಮಲಗಿತ್ತು. ಕೇಳಿದರೆ ಮಗು ದಿನವೂ ರೊಟ್ಟಿ ತೆಗೆಯುವ ಮೊದಲು ಅದನ್ನು ಒಮ್ಮೆ ತೆರೆದು ನೋಡುತ್ತದೆ ಎಂದರು. ವಾಪಸು ಕೇಳಲು ಬಾಯಿ ಬರಲಿಲ್ಲ, ವಹಿಯಲ್ಲಿ ಕಳೆದಿದೆ ಎಂದೇ ಬರೆದೆ.

ಬೆಂಗಳೂರಿನಲ್ಲಿರುವ ಮಂಡ್ಯದ ಓದುಗ

ಕೊಳ್ಳುವುದೇ ಏಕೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ 640 ಪುಸ್ತಕ ಸಂಗ್ರಹಿಸಿ, ಕೈಯಿಂದ 6,500 ರೂಪಾಯಿ ಬಾಡಿಗೆ ತೆತ್ತು ಊರಿನ ಶಾಲೆಗೆ ತಲುಪಿಸಿದೆ. ವರ್ಷ ಕಳೆದು ಹೋದಾಗ ಎಲ್ಲವೂ ಗೋಣಿಚೀಲದಲ್ಲೇ ಇದ್ದವು, ಒಂದು ಚೀಲವನ್ನು ಬಾಗಿಲು ಬಡಿಯದಂತೆ ಒತ್ತಿಟ್ಟಿದ್ದರು. ಅಂದಿನಿಂದ ಶಾಲೆಗಳಿಗೆ ಕೊಡುವುದನ್ನೇ ನಿಲ್ಲಿಸಿದ್ದೇನೆ.

ರಾಯಚೂರು ಕಡೆಯ ಶಿಕ್ಷಕಿ

ಅದರಲ್ಲಿ ಎಂಟನೆಯ ವಯಸ್ಸಿನ ಮಗು ಕನ್ನಡದಲ್ಲಿ ಓದಬಹುದಾದದ್ದು ಎಷ್ಟಿತ್ತು, ಹೇಳಿ ಸರ್. ನಮಗೂ ಇಂಥ ಚೀಲಗಳು ಬಂದಿವೆ. ಮೂರರಲ್ಲಿ ಎರಡು ಪಾಲು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಗೈಡುಗಳು, ಅದರಲ್ಲೂ ಉತ್ತರಕ್ಕೆ ಗುರುತು ಹಾಕಿದವು.

ಬೆಂಗಳೂರಿನಲ್ಲಿರುವ ಮಂಡ್ಯದ ಓದುಗ

230 ಚೆನ್ನಾಗಿದ್ದವು. ಉಳಿದವನ್ನು ಆರಿಸಿ ತೆಗೆಯುವುದು ಶಾಲೆಯವರ ಕೆಲಸವಲ್ಲವೇ?

ಹಾಸನದ ನಿವೃತ್ತ ಮುಖ್ಯೋಪಾಧ್ಯಾಯರು

ಅಲ್ಲ. ಮನೆಯಲ್ಲಿ ಜಾಗ ತೆರವು ಮಾಡಿಕೊಳ್ಳುವುದಕ್ಕೆ ದಾನ ಎಂಬ ಹೆಸರು ಬೇಡ. ಬಂದದ್ದೆಲ್ಲವನ್ನೂ ದಾಸ್ತಾನು ವಹಿಗೆ ಏರಿಸಿದರೆ, ಆಮೇಲೆ ಗೆದ್ದಲು ತಿಂದ ಗೈಡಿಗೂ ಲೆಕ್ಕ ಕೊಡಬೇಕು. ಏರಿಸದಿದ್ದರೆ ಏಕೆ ಏರಿಸಲಿಲ್ಲ ಎನ್ನುತ್ತಾರೆ. ನನ್ನ ಬೀರುವಿಗೆ ನಗುವವರಿಗೆ ಇನ್ನೊಂದು ಮಾತು: ನಿವೃತ್ತಿಯ ವರ್ಷದ ತಪಾಸಣೆಯಲ್ಲಿ ಎಂಟು ಕಥೆ ಪುಸ್ತಕ ಕಡಿಮೆ ಬಂದು, 412 ರೂಪಾಯಿಯನ್ನು ನಾನೇ ಕಟ್ಟಿ ರಸೀದಿ ಪಡೆದೆ. ಆ ರಸೀದಿ ನೋಡಿದ ಸಹಶಿಕ್ಷಕರು ಅಂದಿನಿಂದ ಯಾವ ಪುಸ್ತಕವನ್ನೂ ಮನೆಗೆ ಕೊಡುತ್ತಿರಲಿಲ್ಲ. ವಿಶ್ವಕೋಶದ ಏಳು ಸಂಪುಟಗಳು ಏಳೂ ಇದ್ದವು.

ಶಿರಸಿ ಕಡೆಯ ಶಿಕ್ಷಕ

ಇದ್ದೇ ಇರುತ್ತವೆ ಸರ್. ನನ್ನ ಹಾವಿನ ಪುಸ್ತಕದಲ್ಲಿ ಈಗ ಉಳಿದಿರುವುದು ಒಂದು ಪ್ರತಿ, ಅದೂ ಆ ಅಜ್ಜಿಯ ಮನೆಯಲ್ಲಿದೆ.