ಮ್ಯಾಚ್ ಇದ್ದ ರಾತ್ರಿ ನಮ್ಮ ಮನೆಗೆ ನಾವು ಹೋಗೋದು ಹೇಗೆ? (ಇಂಗ್ಲೆಂಡಿನ ಲಿವರ್‌ಪೂಲ್‌ನ ಕನ್ನಡಿಗರ ಗ್ರೂಪ್ ಚಾಟ್)

ಬಿ 14, ಶಿವಮೊಗ್ಗ (ಸೋಮವಾರ, ಸೆಪ್ಟೆಂಬರ್ 29, 2025, ರಾತ್ರಿ 11:52)
ಯಾರಾದರೂ ಎದ್ದಿದ್ದೀರಾ? ಇಲ್ಲದಿದ್ದರೆ ಬೆಳಿಗ್ಗೆ ಓದಿ. ನನಗೆ ಸಾಕಾಗಿಹೋಗಿದೆ. ಇವತ್ತು ಸಂಜೆ ಮೈಸೂರು ಆಂಟಿ ಮನೆಗೆ ಗೊಂಬೆ ನೋಡೋಕೆ ಅಂತ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅತ್ತೆಗೆ 71 ವರ್ಷ, ಮಂಡಿ ನೋವು, ಊರಿಂದ ಬಂದು ಇನ್ನೂ ಮೂರು ವಾರ. ಹತ್ತು ಗಂಟೆಗೆ ವಾಪಸ್ ಬಂದರೆ ಎವರ್ಟನ್ ಫುಟ್‌ಬಾಲ್ ತಂಡದ ಹೊಸ ಸ್ಟೇಡಿಯಂ ಮುಂದಿನ ನಮ್ಮ ರೀಜೆಂಟ್ ರೋಡ್ ಬಂದ್. ಕ್ಯಾಬ್‌ನವನು ಬ್ಯಾರಿಯರ್ ಹತ್ತಿರ ಇಳಿಸಿ ಹೊರಟೇಹೋದ. ಅಲ್ಲಿ ನಿಂತಿದ್ದ ಹುಡುಗನಿಗೆ ಕೈ ತೋರಿಸಿ, ಅಗೋ ಆ ದೀಪ ಉರೀತಿರೋ ಕಿಟಕಿ ನಮ್ಮದೇ ಅಂದೆ. ಸುತ್ತಿಕೊಂಡು ಹೋಗಿ ಅಂದ. ಎಲ್ಲಿ ಸುತ್ತೋದು? ಆ ಕಡೆ ನದಿ, ಈ ಕಡೆ ಆಗ ತಾನೇ ಮ್ಯಾಚ್ ಬಿಟ್ಟ ಐವತ್ತು ಸಾವಿರ ಜನ. ಅತ್ತೆ ತಾಂಬೂಲದ ಚೀಲ ಎದೆಗೆ ಅವಚಿಕೊಂಡು ಹಡಗು ನಿಲ್ಲಿಸುತ್ತಿದ್ದ ಹಳೇ ಡಾಕ್‌ನ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟರು. ಆ ಒರಟು ಕಲ್ಲಿಗೆ ತಾಗಿ ಹಸಿರು ಬಳೆ ಎರಡು ಒಡೆದವು. ತೆಂಗಿನಕಾಯಿ ಉರುಳಿ ಜನರ ಕಾಲಡಿಗೆ ಹೋಯಿತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದು ನಿಜ, ಒಬ್ಬ ನೀಲಿ ಶಾಲಿನ ಹುಡುಗ ಕಾಯಿ ಎತ್ತಿ ಕೊಟ್ಟ. ಆದರೆ ಮನೆ ಮುಟ್ಟಿದಾಗ 11:10. ನಮ್ಮ ಪಾರ್ಕಿಂಗ್‌ನಲ್ಲಿ ಯಾರದ್ದೋ ಕಾರು. ಇದಕ್ಕೆ ಏನಾದರೂ ಮಾಡಲೇಬೇಕು, ಈ ವಾರವೇ.

ಮೈಸೂರು ಆಂಟಿ (ಮಂಗಳವಾರ, ಬೆಳಿಗ್ಗೆ 6:30)
ಅಯ್ಯೋ, ನಾನೇ ಇನ್ನೊಂದು ಸ್ವಲ್ಪ ಹೊತ್ತು ಕೂತಿರಿ ಅಂದಿದ್ದಲ್ವಾ. ಬಳೆ ಒಡೀತು ಅನ್ನಬೇಡಮ್ಮ, ಹೆಚ್ಚಿತು ಅನ್ನು. ಇವತ್ತು ಅಷ್ಟಮಿ, ನಾನೇ ಹೊಸ ಬಳೆ ತಂದು ಕೊಡ್ತೀನಿ.

ಮೈಸೂರು ಆಂಟಿ (6:31)
🌺 ಶುಭೋದಯ 🌺 ದುರ್ಗಾಷ್ಟಮಿಯ ಶುಭಾಶಯಗಳು. ಈ ಸಂದೇಶವನ್ನು ಒಂಬತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಒಳ್ಳೆಯ ಸುದ್ದಿ ಬರುತ್ತದೆ.

ಸಿ 3, ಧಾರವಾಡ (7:05)
ನಾನು ಮೊದಲೇ ಹೇಳಿದ್ದೆ. 2021ರಲ್ಲಿ ಸ್ಟೇಡಿಯಂಗೆ ಅನುಮತಿ ಸಿಕ್ಕಾಗಲೇ ಹೇಳಿದ್ದೆ. ಇದು ಬರೀ ರಸ್ತೆ ಬಂದ್ ಆಗೋ ವಿಷಯ ಅಲ್ರೀ. ಸ್ಟೇಡಿಯಂ ಎದ್ದಿರೋ ಬ್ರಾಮ್ಲಿ ಮೂರ್ ಡಾಕ್ 1848ರದ್ದು, ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ ಕಟ್ಟಿದ್ದು. ಐರಿಶ್ ಸಮುದ್ರದಿಂದ ಮರಳು ತಂದು ತುಂಬಿ ಮುಚ್ಚಿದರು. 2021ರ ಜುಲೈನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಿಂದ ಲಿವರ್‌ಪೂಲ್ ಹೆಸರು ಹೋಯಿತು. ಇಡೀ ಜಗತ್ತಿನಲ್ಲಿ ಹಾಗೆ ಹೆಸರು ಕಳಕೊಂಡ ಮೂರನೇ ಜಾಗ ಇದು. ನಮ್ಮ ಹಂಪಿಯೂ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿತ್ತು, ಆನೆಗೊಂದಿ ಸೇತುವೆ ಕಾರಣಕ್ಕೆ. ಆದರೆ 2006ರಲ್ಲಿ ಹೊರಗೆ ಬಂತು. ಇವರಿಗೆ ಅದು ಆಗಲಿಲ್ಲ.

ಎ 9, ಮಂಡ್ಯ (7:20)
ಸರ್, ಯುನೆಸ್ಕೊ ಬಂದು ಅಕ್ಕನ ಅತ್ತೆಯನ್ನು ಮನೆಗೆ ಬಿಡುತ್ತಾ? ಮೊದಲು ದಾರಿ ವಿಷಯ ಮಾತಾಡೋಣ. ಅಕ್ಕ, ಸಾರಿ, ನಾನೂ ಒಳಗೇ ಇದ್ದೆ ನಿನ್ನೆ. ಫೋನ್ ಮಾಡಿದ್ದರೆ ಓಡಿ ಬರ್ತಿದ್ದೆ.

ಸಿ 3, ಧಾರವಾಡ (7:24)
ಟಿಕೆಟ್ ತಗೊಂಡು ಒಳಗೆ ಕೂತು ಕೂಗೋರು ನೀವೇ, ಆಮೇಲೆ ಸಾರಿ ಅನ್ನೋರೂ ನೀವೇ.

ಎ 9, ಮಂಡ್ಯ (7:31)
ಸರ್, ಆ ಡಾಕ್ ಎಷ್ಟೋ ವರ್ಷದಿಂದ ಪಾಳು ಬಿದ್ದಿತ್ತು. ನಾವು ಬಾಡಿಗೆಗೆ ಬಂದಾಗ ಈ ರಸ್ತೆಯಲ್ಲಿ ಸಂಜೆ ಆರರ ಮೇಲೆ ಒಬ್ಬ ಮನುಷ್ಯ ಕಾಣ್ತಿರಲಿಲ್ಲ, ಗುಜರಿ ಲಾರಿ ಬಿಟ್ಟರೆ. ಈಗ ದೀಪ ಇದೆ, ಅಂಗಡಿ ಬರ್ತಿವೆ. ಹಳೇ ಹೈಡ್ರಾಲಿಕ್ ಟವರ್ ರಿಪೇರಿ ಮಾಡಿ ಉಳಿಸಿದ್ದಾರೆ, ರೈಲು ಹಳಿ ಹಾಗೇ ಬಿಟ್ಟಿದ್ದಾರೆ. ಎವರ್ಟನ್‌ನವರು 1892ರಿಂದ ಗೂಡಿಸನ್ ಪಾರ್ಕಲ್ಲಿ ಇದ್ದರು. ಅಲ್ಲಿ ಜನರ ಮನೆ ಬಾಗಿಲಿಗೂ ಸ್ಟೇಡಿಯಂ ಗೋಡೆಗೂ ನಡುವೆ ಒಂದು ಸಣ್ಣ ರಸ್ತೆ ಅಷ್ಟೆ. ಮೇ 18ಕ್ಕೆ ಅಲ್ಲಿ ಗಂಡಸರ ತಂಡದ ಕೊನೇ ಮ್ಯಾಚ್, ನಾನು ಹೊರಗೆ ನಿಂತಿದ್ದೆ. ಅರವತ್ತು ದಾಟಿದವರು ಗೋಡೆ ಮುಟ್ಟಿ ಅಳ್ತಿದ್ದರು. ಆ ಜನ ಮೂರು ತಲೆಮಾರು ಮ್ಯಾಚ್ ಜೊತೆ ಬದುಕಿದ್ದಾರೆ. ನಮಗೆ ಇನ್ನೂ ಒಂದು ತಿಂಗಳ ಮೇಲೆ ಒಂದು ವಾರ, ಆಗಸ್ಟ್ 24ರ ಬ್ರೈಟನ್ ಮ್ಯಾಚಿಂದ.

ಬಿ 14, ಶಿವಮೊಗ್ಗ (7:40)
ನನಗೆ ಸ್ಟೇಡಿಯಂ ಮೇಲೆ ಕೋಪ ಇಲ್ಲ. ನನ್ನ ಮನೆಗೆ ಹೋಗೋಕೆ ಬಿಡಿ ಅಂತಿದ್ದೀನಿ, ಅಷ್ಟೇ.

ಬಿ 2, ಹಾಸನ ಡಾಕ್ಟರ್ (8:15)
ನೈಟ್ ಡ್ಯೂಟಿ ಮುಗಿಸಿ ಈಗ ಓದಿದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬ್ಯಾರಿಯರ್ ತೆಗೆಯಿರಿ ಅಂತ ಮಾತ್ರ ಕೇಳೋದು ಬೇಡ. ಈ ಊರಿನವರು 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಲ್ಲಿ 97 ಜನರನ್ನು ಕಳಕೊಂಡಿದ್ದಾರೆ. ಇಲ್ಲಿ ಯಾವ ಮನೆಯಲ್ಲಿ ಕೇಳಿದರೂ ಆ ದಿನದ ಕಥೆ ಇದೆ, ನನ್ನ ವಾರ್ಡಿನ ಹಿರಿಯ ನರ್ಸ್ ಈಗಲೂ ಏಪ್ರಿಲ್ 15ಕ್ಕೆ ಜಾಸ್ತಿ ಮಾತಾಡೋದಿಲ್ಲ. ಈ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನಮ್ಮವರೇ 11 ಜನ ಹೋದರು. ಅಲ್ಲಿ ದಾರಿ ಖಾಲಿ ಇದ್ದು, ಜನರನ್ನು ಹಂತ ಹಂತವಾಗಿ ಬಿಟ್ಟಿದ್ದರೆ ಆ ಮಕ್ಕಳು ಇರುತ್ತಿದ್ದರು. ಮ್ಯಾಚ್ ಬಿಟ್ಟ ಒಂದು ಗಂಟೆ ರಸ್ತೆಯಲ್ಲಿ ಗಾಡಿ ಬೇಡ, ಅದು ಸರಿ. ನಾವು ಕೇಳಬೇಕಾದ್ದು ಬೇರೆ. ಇಲ್ಲಿ ವಾಸ ಇರೋರಿಗೆ ಒಂದು ಪಾಸ್, ನಡೆಯೋಕೆ ಆಗದವರಿಗೆ ಬ್ಯಾರಿಯರ್ ಒಳಗೆ ಬಿಡೋ ಒಂದು ಗಾಡಿ, ಗೋಡೆ ಪಕ್ಕ ಎದುರು ದಿಕ್ಕಿಗೆ ಹೋಗೋರಿಗೆ ನಾಲ್ಕಡಿ ಜಾಗ.

ಬಿ 14, ಶಿವಮೊಗ್ಗ (8:19)
ಡಾಕ್ಟ್ರೇ, ಇದೇ. ಇದನ್ನೇ ಬರೆಯೋಣ. ಯಾರು ಬರೀತೀರಾ?

ಸಿ 3, ಧಾರವಾಡ (8:22)
ನಾನು ಬರೀತೀನಿ. ಹಿನ್ನೆಲೆ ಇಲ್ಲದೆ ಪತ್ರ ಬರೆದರೆ ಯಾರೂ ಓದೋದಿಲ್ಲ.

ಅಡ್ಮಿನ್, ಎ 1 (9:00)
ಪಾರ್ಕಿಂಗ್ ಝೋನ್ ವಿಷಯವನ್ನೂ ಸೇರಿಸಬೇಕು. ಸ್ಟೇಡಿಯಂನಿಂದ ಅರ್ಧ ಗಂಟೆ ನಡಿಗೆ ದೂರದವರೆಗೂ ಮ್ಯಾಚ್ ದಿನದ ನಿಯಮ ಹಾಕಿದ್ದಾರೆ, ಅಂಗಡಿಯವರೆಲ್ಲ ಗಲಾಟೆ ಮಾಡಿದ್ದು ನೆನಪಿದೆ ಅಲ್ವಾ. ಇಂಥ ಪ್ರಯೋಗದ ಆದೇಶ 18 ತಿಂಗಳಿಗಿಂತ ಜಾಸ್ತಿ ಇಡೋ ಹಾಗಿಲ್ಲ, ಆಕ್ಷೇಪಣೆ ಹೇಳೋಕೆ ಮೊದಲ ಆರು ತಿಂಗಳು. ತಡ ಮಾಡಿದರೆ ಹೋಯಿತು.

ಸಿ 11, ಕುಂದಾಪುರ (9:12)
ರಸ್ತೆ ಪಾರ್ಕಿಂಗ್ ಬಿಡಿ ಮಾರ್ರೆ, ನಮ್ಮ ಬಿಲ್ಡಿಂಗ್ ಒಳಗಿನ ಪಾರ್ಕಿಂಗ್‌ಗೆ ನಿನ್ನೆ ಹೊರಗಿನ ಕಾರು ಹೇಗೆ ಬಂತು? ಗೇಟಿನ ಕೋಡ್ ಯಾರು ಕೊಟ್ಟದ್ದು?

ಎ 9, ಮಂಡ್ಯ (9:14)
ಆಪ್‌ನಲ್ಲಿ ನಮ್ಮ ಬಿಲ್ಡಿಂಗ್ ಪಾರ್ಕಿಂಗ್ ಬಾಡಿಗೆಗೆ ಹಾಕಿದ್ದಾರೆ ಅಂತ ಫ್ರೆಂಡ್ ಒಬ್ಬ ತೋರಿಸಿದ್ದ. ಯಾರ ಹೆಸರೂ ಹೇಳಲ್ಲ.

ಬಿ 6, ದಾವಣಗೆರೆ (9:40)
ನೇರವಾಗಿ ಹೇಳಿ. ಹೌದು, ನಾನೇ ಹಾಕಿದ್ದು, ನನ್ನ ಜಾಗ, ನಾನು ದುಡ್ಡು ಕೊಟ್ಟಿದ್ದೀನಿ, ನನ್ನ ಹತ್ತಿರ ಕಾರಿಲ್ಲ. ಬಂದವನು ನಂಬರ್ ಸರಿಯಾಗಿ ನೋಡದೆ ಪಕ್ಕದ ಜಾಗದಲ್ಲಿ ನಿಲ್ಲಿಸಿದ್ದಾನೆ. ಅದು ನನ್ನ ತಪ್ಪಾ?

ಸಿ 11, ಕುಂದಾಪುರ (9:43)
ಕೋಡ್ ಕೊಟ್ಟದ್ದು ತಪ್ಪೇ ಅಲ್ದಾ? ಮಕ್ಕಳು ಸೈಕಲ್ ಹೊಡೆಯೋ ಜಾಗ ಅದು.

ಬಿ 6, ದಾವಣಗೆರೆ (9:45)
ಮಕ್ಕಳು ಸೈಕಲ್ ಹೊಡೆಯೋಕೆ ಪಾರ್ಕ್ ಇದೆ. ನೀವು ಬಾಲ್ಕನಿಯಲ್ಲಿ ಮೀನು ಒಣಗಿಸಿದಾಗ ನಾನು ಏನಾದರೂ ಅಂದೆನಾ?

ಸಿ 11, ಕುಂದಾಪುರ (9:46)
ಎರಡು ದಿನ ಒಣಗಿಸಿದ್ದು! ಎರಡೇ ದಿನ!

ಎ 9, ಮಂಡ್ಯ (9:50)
ಡಾಕ್ ಮುಚ್ಚೋ ಮೊದಲು ಅದರೊಳಗಿನ ಮೀನು ಹಿಡಿದು ಬೇರೆ ನೀರಿಗೆ ಬಿಟ್ಟರಂತೆ. ಎಲ್ಲಾ ಕುಂದಾಪುರ ಅಣ್ಣನ ಬಾಲ್ಕನಿಗೇ ಬಂದಿರಬೇಕು 😂

ಬಿ 14, ಶಿವಮೊಗ್ಗ (10:02)
ದಯವಿಟ್ಟು. ಪತ್ರ ಯಾವಾಗ ಹೋಗುತ್ತೆ? ಭಾನುವಾರ ಕ್ರಿಸ್ಟಲ್ ಪ್ಯಾಲೆಸ್ ಮ್ಯಾಚ್ ಇದೆ, 26ಕ್ಕೆ ಟಾಟನಮ್. ದಾವಣಗೆರೆ ಅಣ್ಣ, ಜಗಳ ಬೇಡ, ಇನ್ನು ಮೇಲೆ ಕೊಡೋದಾದರೆ ಗೇಟಿಗೆ ನೀವೇ ಇಳಿದು ಬಂದು ಜಾಗ ತೋರಿಸಿ.

ಬಿ 6, ದಾವಣಗೆರೆ (10:10)
ಆಯ್ತು ತಂಗಿ. ಅದು ಸರಿ. ಅತ್ತೆಗೆ ನನ್ನ ಕಡೆಯಿಂದ ಕ್ಷಮೆ ಹೇಳು.

ಸಿ 3, ಧಾರವಾಡ (ಬುಧವಾರ, ಅಕ್ಟೋಬರ್ 1, ರಾತ್ರಿ 10:30)
ಪತ್ರ ತಯಾರಾಗಿದೆ. ಆರು ಪುಟ. ಮೊದಲ ನಾಲ್ಕು ಪುಟ ಡಾಕ್ ಇತಿಹಾಸ. 2004ರಲ್ಲಿ ಪಟ್ಟಿಗೆ ಸೇರಿದ್ದು, 2012ರಲ್ಲಿ ಅಪಾಯದ ಪಟ್ಟಿಗೆ ಹೋಗಿದ್ದು, ಸ್ಟ್ಯಾನ್ಲಿ ಡಾಕಿನ ಹೊಗೆಸೊಪ್ಪಿನ ಗೋದಾಮು, ಅದಕ್ಕೆ ಹಿಡಿದ 2 ಕೋಟಿ 70 ಲಕ್ಷ ಇಟ್ಟಿಗೆ, ಎಲ್ಲಾ ಇದೆ. ಎಲ್ಲರೂ ಸಹಿ ಹಾಕಿ.

ಬಿ 2, ಹಾಸನ ಡಾಕ್ಟರ್ (10:41)
ಸರ್, ಓದಿದೆ. ನಿಮಗೆ ಈ ಜಾಗದ ಮೇಲೆ ಎಷ್ಟು ಪ್ರೀತಿ ಇದೆ ಅಂತ ಗೊತ್ತಾಗುತ್ತೆ. ಆದರೆ ಪಾಸ್ ವಿಷಯ ಐದನೇ ಪುಟದಲ್ಲಿದೆ. ಓದೋರು ಅಲ್ಲಿವರೆಗೂ ಬರಬೇಕಲ್ಲ. ಒಂದು ಪುಟಕ್ಕೆ ಇಳಿಸೋಣ.

ಸಿ 3, ಧಾರವಾಡ (10:44)
ಒಂದು ಅಕ್ಷರ ತೆಗೆಯೋದಿಲ್ಲ. ಬೇಕಾದರೆ ನೀವು ಬೇರೆ ಬರೀರಿ.

ಮೈಸೂರು ಆಂಟಿ (ಗುರುವಾರ, ಬೆಳಿಗ್ಗೆ 6:15)
ವಿಜಯದಶಮಿ ಶುಭಾಶಯಗಳು. ಎಲ್ಲರೂ ಬನ್ನಿ ಬಂಗಾರದ ಹಾಗೆ ಇರೋಣ 🙏 ಇವತ್ತು ಗೊಂಬೆ ಮಲಗಿಸ್ತೀನಿ, ಯಾರಾದರೂ ಪೆಟ್ಟಿಗೆ ಎತ್ತೋಕೆ ಬನ್ನಿ.

ಬಿ 14, ಶಿವಮೊಗ್ಗ (ಸೋಮವಾರ, ಅಕ್ಟೋಬರ್ 6, ಬೆಳಿಗ್ಗೆ 8:30)
ಡಾಕ್ಟರ್ ಮತ್ತು ನಾನು ಸೇರಿ ಒಂದು ಪುಟ ಬರೆದು ಮೊನ್ನೆ ಕೆಳಗೆ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆವು, ಪೆನ್ನೂ ಕಟ್ಟಿದ್ದೆವು. ನಲವತ್ತು ಮನೆಗೆ ನಾಲ್ಕು ಸಹಿ. ನಿನ್ನೆ ಮ್ಯಾಚ್ ಹೊತ್ತಿಗೆ ನಾನು ಅತ್ತೆಯನ್ನು ಹೊರಗೇ ಬಿಡಲಿಲ್ಲ. ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಮೂರು ಗಂಟೆ ಕೂತಿದ್ದರು. ಕೊನೆಯಲ್ಲಿ ಗೋಲ್ ಆದಾಗ ಗಾಜು ಅದುರಿತು, ಅತ್ತೆ ಯಾರ ಮನೆ ಮದುವೆ ಅಂತ ಕೇಳಿದರು.

ಎ 9, ಮಂಡ್ಯ (8:34)
ಅಕ್ಕ, ಗ್ರೀಲಿಶ್ ಗೋಲ್ ಅದು! ಸಂಜೆ ಸಹಿ ಹಾಕ್ತೀನಿ, ಪ್ರಾಮಿಸ್.

ಅಡ್ಮಿನ್, ಎ 1 (9:20)
ಎಲ್ಲರೂ ಗಮನಿಸಿ, ಇದು ಅರ್ಜೆಂಟ್. ನಮ್ಮ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಿರೋದು ನವೆಂಬರ್ 1, ಶನಿವಾರ. ಅದೇ ದಿನ ಇದೇ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾ ರಗ್ಬಿ ಇದೆ. ರಸ್ತೆ ಬಂದ್ ಆದರೆ ಅಡುಗೆ ಗಾಡಿ ಹೇಗೆ ಬರುತ್ತೆ?

ಸಿ 11, ಕುಂದಾಪುರ (9:22)
ಭಾನುವಾರಕ್ಕೆ ಹಾಕಿ.

ಬಿ 6, ದಾವಣಗೆರೆ (9:23)
ನವೆಂಬರ್ 1 ಅಂದರೆ 1. ಬಾವುಟ ಆವತ್ತೇ ಹಾರಬೇಕು. ಬೇಕಾದರೆ ಪಾತ್ರೆ ಹೊತ್ತುಕೊಂಡು ನಾನೇ ನಡೀತೀನಿ.

ಸಿ 3, ಧಾರವಾಡ (9:25)
ಬಾವುಟ ಬೆಳಿಗ್ಗೆ ಬಿಲ್ಡಿಂಗ್ ಮುಂದೆ, ಊಟ ಮತ್ತು ಕಾರ್ಯಕ್ರಮ 2ನೇ ತಾರೀಖು. ಏಕೀಕರಣದ ಬಗ್ಗೆ ನಾನು ಮಾತಾಡ್ತೀನಿ, 1956ರಿಂದ ಶುರು ಮಾಡ್ತೀನಿ.

ಮೈಸೂರು ಆಂಟಿ (9:30)
ಬಿಸಿಬೇಳೆಬಾತ್ ನಂದು. ಎಷ್ಟು ಜನ ಅಂತ ಶುಕ್ರವಾರದೊಳಗೆ ಹೇಳಿ, ಒಣಕೊಬ್ಬರಿ ತರಿಸಬೇಕು.

ಬಿ 2, ಹಾಸನ ಡಾಕ್ಟರ್ (9:41)
ನಾಲ್ಕು ಜನ. ಪತ್ರದ ಮೇಲೆ ಐದನೇ ಸಹಿ ಯಾರದು?

ಅಡ್ಮಿನ್, ಎ 1 (9:44)
ಭಾನುವಾರ ಬರೋರು ಕೆಳಗೆ ಹೆಸರು ಹಾಕಿ, ಮಕ್ಕಳ ಸಂಖ್ಯೆ ಬೇರೆ ಬರೀರಿ.

ಸಿ 11, ಕುಂದಾಪುರ (9:44)
ನಾವು 4, ಮಕ್ಕಳು 2.

ಬಿ 6, ದಾವಣಗೆರೆ (9:45)
3.

ಬಿ 14, ಶಿವಮೊಗ್ಗ (9:58)
ನಾವು 3. ಆ ಹಾಲ್‌ಗೆ ಮೆಟ್ಟಿಲು ಎಷ್ಟಿವೆ ಅಂತ ಅತ್ತೆ ಕೇಳ್ತಿದ್ದಾರೆ.